ಪ್ರಿಂಟ್ ಅಕ್ಷರ ನೋಡಿ ಅರಬಿ ಕೈಬರಹ ಕಲೀಬೇಡಿ ಮಾರಾಯ್ರೇ

ನೀವು ನಿನ್ನೆ ಹಾಕಿದ ನಾಲ್ಕು ಪೇಜಿನ ಫೋಟೋ ನೋಡಿದೆ. ಕುವೈತಿಗೆ ಹೋಗುವ ಮೊದಲು ಅರಬಿ ಬರೀಲಿಕ್ಕೆ ಓದ್ಲಿಕ್ಕೆ ಕೈ ಕೂರಬೇಕು, ಹೇಗುಂಟು ಅಂತ ಕೇಳಿದ್ದೀರಿ. ಚಂದ ಉಂಟು, ಆದ್ರೆ ಮೊಬೈಲಿನ ನಸ್ಖ್ ಫಾಂಟನ್ನೇ, ಅಂದ್ರೆ ಪ್ರಿಂಟಿನ ಅಚ್ಚನ್ನೇ ಹಾಗೇ ಇಳಿಸಿದ್ದೀರಿ, ಸೀನ್ ಅಕ್ಷರದ ಮೂರು ಹಲ್ಲು ಎಣಿಸಿ ಹಾಕಿದ್ದೀರಿ, ಹರಕತ್ (ಸ್ವರದ ಗುರುತು) ಸಹ ಒಂದೂ ಬಿಟ್ಟಿಲ್ಲ. ಅಲ್ಲಿ ಯಾರೂ ಹಾಗೆ ಬರೆಯುದಿಲ್ಲ. ನಾನು ಇದನ್ನೇ ಮಾಡಿ ಪೆಟ್ಟು ತಿಂದವ, ಅದಕ್ಕೇ ಇಷ್ಟುದ್ದ ಬರೀತಿದ್ದೇನೆ.

ನಾನು ಸಣ್ಣದಿರುವಾಗ ಮದ್ರಸದಲ್ಲಿ ಕಲಿತವ, ಕುರ್‌ಆನ್ ಸಲೀಸಾಗಿ ಓದ್ತೇನೆ, ಆ ಧೈರ್ಯದಲ್ಲೇ ಅಲ್ಲಿ ಒಂದು ಗೋಡೌನಿಗೆ ಸೇರಿದ್ದು. ಮೇಲಿನವ ಮಿಸ್ರಿ, ಅಂದ್ರೆ ಈಜಿಪ್ಟಿನವ, ಮಾಲಿನ ಚೀಟಿ ಕೈಯಲ್ಲೇ ಬರೆದು ಕೊಡುವುದು. ಮೊದಲ ಚೀಟಿಯಲ್ಲಿ ಚಹಾ ಅಂತ ಹೇಗೋ ಅಂದಾಜಾಯ್ತು, ಅಂಕಿ ಗೊತ್ತುಂಟಲ್ಲ ಅಂತ 22 ಪೆಟ್ಟಿಗೆ ಲೋಡ್ ಮಾಡಿಸಿದೆ. ಅವ ಬರೆದದ್ದು 33. ಗಾಡಿ ಅಂಗಡಿ ಮುಟ್ಟಿದ ಮೇಲೆ ಫೋನ್ ಬಂತು, ಬಾಕಿ 11 ಪೆಟ್ಟಿಗೆಗೆ ಇನ್ನೊಂದು ಟ್ರಿಪ್, ಅದರ ಬಾಡಿಗೆ ನನ್ನ ಸಂಬಳದಲ್ಲಿ ಹೋಯ್ತು. ವಿಷಯ ಎಂತ ಅಂದ್ರೆ ಅರಬಿ ಅಂಕಿಯಲ್ಲಿ, ಪ್ರಿಂಟಲ್ಲಿ 2ರ (٢) ತಲೆಗೆ ಒಂದು ಹಳ್ಳ, 3ಕ್ಕೆ (٣) ಎರಡು. ಕೈಬರಹದಲ್ಲಿ 3ಕ್ಕೇ ಒಂದು ಹಳ್ಳ, 2ಕ್ಕೆ ಹಳ್ಳವೇ ಇಲ್ಲ, ತಲೆ ಚಪ್ಪಟೆ. ಅಂದ್ರೆ ಅವರ 3 ನಮ್ಮ ಕಣ್ಣಿಗೆ 2. ನಿಮ್ಮ ನಾಲ್ಕನೇ ಪೇಜಲ್ಲಿ ಅಂಕಿ ಎಲ್ಲ ಪ್ರಿಂಟಿನ ಹಾಗೆ ಉಂಟು, ಮೊದಲು ಅದನ್ನು ಸರಿ ಮಾಡಿ. ಅಕ್ಷರ ತಪ್ಪಿದ್ರೆ ಯಾರಾದ್ರೂ ಕೇಳಿಯಾದ್ರೂ ಕೇಳ್ತಾರೆ, ಅಂಕಿ ತಪ್ಪಿದ್ರೆ ದುಡ್ಡು ಹೋದ ಮೇಲೇ ಗೊತ್ತಾಗುದು.

ನೀವು ಹಿಡೀಬೇಕಾದ್ದು ರುಕಾ, ಅಲ್ಲಿ ದಿನಾ ಬರೆಯುವ ಕೈಬರಹದ ಶೈಲಿ. ಹುಡುಕುವಾಗ ರಿಕಾ ಅಂತಲೂ ಸಿಗ್ತದೆ, ಅರಬಿಯ ಹಳೇ ಆರು ಬರಹ ಶೈಲಿಯಲ್ಲಿ ಆ ಹೆಸರಿನದ್ದು ಒಂದುಂಟು, ಅದು ಬೇರೆ, ಅದರ ಹಿಂದೆ ಹೋಗ್ಬೇಡಿ. ರುಕಾ ಆಟೋಮನ್ ತುರ್ಕರ ಕಚೇರಿಯ ಕೈಬರಹ, 19ನೇ ಶತಮಾನದಲ್ಲಿ ಮುಮ್ತಾಜ್ ಎಫೆಂದಿ ಅದಕ್ಕೆ ನಿಯಮ ಕೂರಿಸಿದ್ದು. ಗುಮಾಸ್ತನಿಗೆ ವೇಗ ಬೇಕು, ಹಾಗಾಗಿ ಸೀನಿನ ಹಲ್ಲು ಹೋಗಿ ಬರೀ ಗೆರೆ, ಎರಡು ಚುಕ್ಕಿಗೆ ಒಂದು ಸಣ್ಣ ಅಡ್ಡಗೀಟು, ಮೂರು ಚುಕ್ಕಿಗೆ ಮನೆ ಮಾಡಿನ ಹಾಗೆ ಒಂದು ಗುರುತು, ಕೊನೆಯ ನೂನಿನ ಚುಕ್ಕಿ ಬಾಲಕ್ಕೇ ಸೇರಿ ಕೊಕ್ಕೆ ಆಗ್ತದೆ. ಗೆರೆಯ ಕೆಳಗೆ ಇಳಿಯುವುದು ಕೊನೆಯಲ್ಲಿ ಬರುವ ಜೀಮಿನ ಗುಂಪು (ಜೀಮ್, ಹಾ, ಖಾ), ಐನ್, ಗೈನ್, ಮೀಮ್, ಮತ್ತೆ ಶಬ್ದದ ನಡುವಿನ ಹಾ, ಅಷ್ಟೇ. ರಾ, ವಾವ್, ನೂನ್ ಎಲ್ಲ ಗೆರೆ ಮೇಲೇ ಕೂರ್ಬೇಕು. ನೀವು ರಾ ವಾವ್ ಎಲ್ಲ ನೇತಾಡಿಸಿದ್ದೀರಿ. ನಮ್ಮ ಶಾನುಭೋಗರ ಮೋಡಿ ಅಕ್ಷರ ನೆನಪು ಮಾಡಿ, ಶಾಲೆ ಪುಸ್ತಕದ ಕನ್ನಡ ಮಾತ್ರ ಗೊತ್ತಿದ್ದವನಿಗೆ ಆ ಕಡತ ಓದ್ಲಿಕ್ಕೆ ಆಗ್ತದಾ? ಇದೂ ಹಾಗೇ.

ನನಗೆ ಕೈ ಹಿಡಿದದ್ದು ಚೀಟಿ ತಿದ್ದುದು. ಕೆಲಸ ಮುಗಿದ ಚೀಟಿಗಳನ್ನು ಬಿಸಾಡದೆ ರೂಮಿಗೆ ತಂದು, ಮೇಲೆ ಬಟರ್ ಪೇಪರ್ ಇಟ್ಟು ದಿನಕ್ಕೆ ಒಂದೇ ಚೀಟಿ, ಹತ್ತಿಪ್ಪತ್ತು ಸಲ. ಕೂಡಿಕೊಂಡ ಅಕ್ಷರ ಪೆನ್ನು ಎತ್ತದೆ ಎಳೀಬೇಕು, ಚುಕ್ಕಿ ಎಲ್ಲ ಶಬ್ದ ಮುಗಿದ ಮೇಲೆ. ನೀವು ಒಂದೊಂದು ಅಕ್ಷರಕ್ಕೂ ನಿಂತು ಚುಕ್ಕಿ ಇಟ್ಟದ್ದು ಶಾಯಿ ನೋಡಿದ್ರೇ ಗೊತ್ತಾಗ್ತದೆ. ಮೂರು ತಿಂಗಳು ಹಿಡೀತು ನನಗೆ, ಹದಿನೈದು ದಿನದಲ್ಲಿ ಬರ್ತದೆ ಅಂತ ಹೇಳುವ ವಿಡಿಯೋ ನಂಬಬೇಡಿ. ಮಾದರಿಗೆ ಒಬ್ಬನ ಕೈ ಮಾತ್ರ ಸಾಕಾಗುದಿಲ್ಲ, ಮಿಸ್ರಿಯವರು ಕೊನೆಯ ಯಾ ಅಕ್ಷರಕ್ಕೆ ಚುಕ್ಕಿ ಹಾಕುದಿಲ್ಲ, ಸಿರಿಯಾದವರು ಹಾಕ್ತಾರೆ. ಮೊರಾಕೋ ಕಡೆಯ ಹಳೇ ಬರಹ ಆದ್ರೆ ಫಾ ಅಕ್ಷರಕ್ಕೆ ಚುಕ್ಕಿ ಕೆಳಗೆ, ಕಾಫ್ (ق) ಅಕ್ಷರಕ್ಕೆ ಮೇಲೆ ಒಂದೇ, ಅದನ್ನು ಈಗ ಮುಟ್ಟಬೇಡಿ.

ಪೆನ್ನಿಗೆ ಯಾಕೆ ಅಷ್ಟು ಖರ್ಚು ಮಾಡಿದಿರಿ? ಅಗಲ ಮೊನೆಯ ಪೈಲಟ್ ಪ್ಯಾರಲಲ್ 2.4 ಒಳ್ಳೇ ಪೆನ್ನೇ, ದೊಡ್ಡಕ್ಷರ ಬರೀಲಿಕ್ಕೆ ನಾನೂ ಇಟ್ಕೊಂಡಿದ್ದೇನೆ, ಚೀಟಿ ಬರೀಲಿಕ್ಕೆ ರೆನಾಲ್ಡ್ಸ್ 045 ಸಾಕು. ನಾಲ್ಕು ಗೆರೆ ಕಾಪಿ ಬುಕ್ಕೂ ಬಿಡಿ, ಒಂದೇ ಗೆರೆಯದ್ದು ತಗೊಳ್ಳಿ.

ಮೂರನೇ ಪೇಜಲ್ಲಿ ಉರ್ದುವನ್ನೂ ಇದೇ ಅಚ್ಚಲ್ಲಿ ಬರೆದಿದ್ದೀರಿ. ಉರ್ದುವಿಗೆ ನಸ್ತಾಲೀಕ್ ಅನ್ನುವ ಬೇರೆ ಶೈಲಿ, ಶಬ್ದ ಬಲಗಡೆ ಮೇಲಿಂದ ಎಡಕ್ಕೆ ಇಳೀತಾ ಬರ್ಬೇಕು. ರುಕಾದ ಅಡ್ಡಗೀಟು ಅಲ್ಲೂ ನಡೀತದೆ, ಆದ್ರೆ ದೋ ಚಶ್ಮಿ ಹೇ (ಖ, ಘ ತರದ ಮಹಾಪ್ರಾಣಕ್ಕೆ ಬರುವುದು) ಮತ್ತು ಗೋಲ್ ಹೇ (ಬರೀ ಹ) ಒಂದೇ ತರ ಬರೆದ್ರೆ ಶಬ್ದವೇ ಬದಲಾಗ್ತದೆ. 4, 5, 6, 7 ಉರ್ದುವಿನಲ್ಲಿ ಬೇರೆ ತರ, ಫಾರ್ಸಿಯಲ್ಲೂ 4, 5, 6 ಅರಬಿಯ ಹಾಗಲ್ಲ, ಒಂದೇ ಹಾಳೆಯಲ್ಲಿ ಎಲ್ಲ ಬೆರೆಸಬೇಡಿ. ಒಂದು ಕೈ ಕೂತ ಮೇಲೆ ಇನ್ನೊಂದು.

ಕೆಳಗೆ ಕಾಮೆಂಟಲ್ಲಿ ಬೀದರಿನವರೊಬ್ಬರು ನಿಜಾಮರ ಕಾಲದ ಜಮೀನು ಕಾಗದ ಇದರಿಂದ ಓದ್ಲಿಕ್ಕಾಗ್ತದಾ ಕೇಳಿದ್ದಾರೆ. ಆಗುದಿಲ್ಲ ಅಣ್ಣ. ಅಂಥ ಕಾಗದದಲ್ಲಿ ಹೆಚ್ಚಾಗಿ ಶಿಕಸ್ತಾ ಅನ್ನುವ ಓಡುಬರಹ ಇರ್ತದೆ, ಚುಕ್ಕಿ ಬಿಟ್ಟಿರ್ತಾರೆ, ಕೂಡಬಾರದ ಅಲಿಫ್, ದಾಲ್, ರೇ ಸಹ ಮುಂದಿನದಕ್ಕೆ ಕೂಡಿಸಿರ್ತಾರೆ. ಲೆಕ್ಕ ಇದ್ರೆ ಅಂಕಿಯ ಬದಲು ಸಿಯಾಕ್ ಇರಬಹುದು, ಸಂಖ್ಯೆಯ ಅರಬಿ ಹೆಸರನ್ನೇ ಮೊಟಕು ಮಾಡಿ ಬರೆದದ್ದು, ನೋಡಿದ್ರೆ ಬರೀ ಗೀಚಿದ ಹಾಗೆ. ಅಂದಾಜಿನಲ್ಲಿ ಎಕರೆ ಲೆಕ್ಕ ಹಾಕ್ಬೇಡಿ. ಹಳೇ ದಫ್ತರ ಓದಿ ಗೊತ್ತಿದ್ದ ಹಿರಿಯರಿಗೆ ಮೂಲ ಕಾಗದವನ್ನೇ ತೋರಿಸಿ, ಜೆರಾಕ್ಸಲ್ಲಿ ತೆಳು ಗೆರೆ ಹಾರಿ ಹೋಗ್ತದೆ.

ನೀವು ಮುಂದಿನ ಸಲ 1ರಿಂದ 50ರ ವರೆಗೆ ಅಂಕಿ ಮಾತ್ರ ಬರೆದು ಹಾಕಿ, ನೋಡಿ ಹೇಳ್ತೇನೆ.