ಬರೀ ಹುಲ್ಲು ಹಾಕಿದರೆ ಹಸು ಹಾಲು ಕೊಡುತ್ತದಾ?

ಗೋವಾದ ವಾಳಪೈ ಹತ್ತಿರದ ಗುಡ್ಡದ ಜಾಗದಲ್ಲಿ ಎರಡು ಜರ್ಸಿ ಮಿಶ್ರತಳಿ ಹಸುಗಳನ್ನು ಹಿಂಡಿ ಹಾಕದೆ ಬರೀ ಹುಲ್ಲಿನಲ್ಲೇ ಸಾಕಬಹುದಾ ಎಂದು ಕೇಳಿದ್ದೀರಿ. ಸಾಕಬಹುದು. ಆದರೆ ಒಂದೊಂದರಿಂದ ದಿನಕ್ಕೆ 12 ಲೀಟರ್ ಎಂದು ಲೆಕ್ಕ ಹಾಕಿದ್ದೀರಲ್ಲ, ಅದನ್ನು ಬಿಟ್ಟುಬಿಡಿ. ಒಳ್ಳೆಯ ಹುಲ್ಲಿದ್ದರೂ ಐದಾರು ಲೀಟರ್ ಸಿಕ್ಕರೆ ಜಾಸ್ತಿ.

ನ್ಯೂಜಿಲೆಂಡಿನ ವಿಡಿಯೋ ನೋಡಿದ್ದೀರಿ ಅನ್ನಿಸುತ್ತದೆ. ಅಲ್ಲಿಯ ತಂಪು ಹವೆಯ ಹುಲ್ಲೇ ಬೇರೆ. ನಮ್ಮ ಸೆಕೆಯಲ್ಲಿ ಹುಲ್ಲು ಬೇಗ ಬೆಳೆದು ಬೇಗ ನಾರಾಗುತ್ತದೆ. ಹೂ ಬಂದ ಮೇಲಂತೂ ಹೊಟ್ಟೆ ತುಂಬುತ್ತದೆ, ಕೆಚ್ಚಲು ತುಂಬುವುದಿಲ್ಲ. ಜೂನ್, ಜುಲೈನ ಎಳೆ ಹುಲ್ಲಿನಲ್ಲಿ ನೀರೇ ಜಾಸ್ತಿ. ಆಗ ಜೊತೆಗೆ ಒಣಹುಲ್ಲು ಇರಲಿ, ಇಲ್ಲದಿದ್ದರೆ ಸಗಣಿ ತೆಳ್ಳಗಾಗುತ್ತದೆ.

ನಿಜವಾದ ತಲೆನೋವು ಫೆಬ್ರವರಿಯಿಂದ ಮೇವರೆಗೆ. ಗುಡ್ಡ ಬೋಳು. ನೀರಿರುವ ಕಡೆ ನೇಪಿಯರ್ ಹುಲ್ಲು ಹಾಕಿ, ಸುಮಾರು 45 ದಿನಕ್ಕೊಮ್ಮೆ ಕೊಯ್ಯಿರಿ. ಒಂದು ಹಸುವಿಗೆ ದಿನಕ್ಕೆ 25-30 ಕಿಲೋ ಹಸಿಮೇವು ಬೇಕೇ ಬೇಕು. ಸುಮ್ನೆ ಬೇಲಿಯಲ್ಲಿ ಗ್ಲಿರಿಸಿಡಿಯಾ (ಗೊಬ್ಬರದ ಗಿಡ), ಅಗಸೆ ಮರ ನೆಟ್ಟುಬಿಡಿ, ಪ್ರೋಟೀನ್ ಅದರಿಂದ ಬರುತ್ತದೆ. ಖನಿಜ ಮಿಶ್ರಣ ಮಾತ್ರ ತಪ್ಪಿಸಬೇಡಿ. ಇಲ್ಲಿಯ ಜಂಬಿಟ್ಟಿಗೆ ಮಣ್ಣಿನಲ್ಲಿ ರಂಜಕ ಕಡಿಮೆ, ಹುಲ್ಲಿನಲ್ಲೂ ಕಡಿಮೆ. ಅದು ಸಾಲದಿದ್ದರೆ ಹಸು ಬೆದೆಗೆ ಬರುವುದೂ ತಡವಾಗುತ್ತದೆ.

ಅಂದಹಾಗೆ, ಜರ್ಸಿಯೇ ಯಾಕೆ? ಗೋವಾದ್ದೇ ಶ್ವೇತಕಪಿಲ ತಳಿ ಇದೆ ಅಲ್ವಾ! ಹಾಲು ಕಡಿಮೆ, ಆದರೆ ಇಲ್ಲಿಯ ಮಳೆ, ಉಣ್ಣಿಕಾಟ ತಡೆದುಕೊಳ್ಳುತ್ತದೆ. ಮನೆ ಬಳಕೆಗಷ್ಟೇ ಆದರೆ ನಾನು ಅದನ್ನೇ ಕಟ್ಟುತ್ತೇನೆ. ಮಾರುವುದಕ್ಕೆ ಜರ್ಸಿಯೇ ಬೇಕೆಂದರೆ, ಕರು ಹಾಕಿದ ಮೊದಲ ಮೂರು ತಿಂಗಳಾದರೂ ಹಿಂಡಿ ಕೊಡಿ.