ಅಮೆರಿಕದ ಫೆಡರಲ್ ಸರ್ವೀಸ್ ಕಾಂಟ್ರಾಕ್ಟ್‌ನಲ್ಲಿ ಫ್ರಿಂಜ್ ಹಣವನ್ನು ಸಂಬಳದಲ್ಲೇ ಸೇರಿಸಿ ಕೊಡಬಹುದಾ?

ನಿಮ್ಮ ಕಂಪನಿಗೆ ಮೇರಿಲ್ಯಾಂಡ್‌ನಲ್ಲಿ ಫೆಡರಲ್ ಕಟ್ಟಡದ ಕ್ಲೀನಿಂಗ್ ಕಾಂಟ್ರಾಕ್ಟ್ ಸಿಕ್ಕಿದೆ, ಪೇರೋಲ್ ನಿಮ್ಮ ಕೈಗೆ ಬಂದಿದೆ, ಫ್ರಿಂಜ್ (ಕೂಲಿಯ ಜೊತೆಗೆ ಇನ್ಶೂರೆನ್ಸ್, ಪಿಂಚಣಿಯಂಥ ಸೌಲಭ್ಯಕ್ಕೆ ಕೊಡಬೇಕಾದ ಹಣ) ಎಲ್ಲ ನಗದಾಗಿ ಕೊಟ್ಟುಬಿಡೋಣ ಅಂತ ಮಾಲೀಕರು ಹೇಳುತ್ತಿದ್ದಾರೆ, ಅಲ್ವಾ? ನಗದು ಕೊಡಬಹುದು. ಆದರೆ ಸಂಬಳದ ಜೊತೆ ಕಲಸಿ ಒಂದೇ ರೇಟು ಮಾಡಬೇಡಿ. ನಾನು ವರ್ಜೀನಿಯಾದಲ್ಲಿ ಇದೇ ಕೆಲಸ ಮಾಡುತ್ತೇನೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ಇಂಥ ಕಾಂಟ್ರಾಕ್ಟ್‌ಗಳಿಗೆ ಅನ್ವಯಿಸುವ 1965ರ ಸರ್ವೀಸ್ ಕಾಂಟ್ರಾಕ್ಟ್ ಕಾಯ್ದೆಯಲ್ಲಿ ಕೂಲಿ ಬೇರೆ, ಫ್ರಿಂಜ್ ಬೇರೆ. ನಿಗದಿಗಿಂತ ಎರಡು ಡಾಲರ್ ಜಾಸ್ತಿ ಕೂಲಿ ಕೊಟ್ಟರೂ ಅದನ್ನು ಫ್ರಿಂಜ್ ಅಂತ ತೋರಿಸಲು ಬರುವುದಿಲ್ಲ. ಪೇ ಸ್ಲಿಪ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಸಾಲು ಇಡಿ.

ಲೆಕ್ಕ ಹೀಗೆ. ಕಾಂಟ್ರಾಕ್ಟ್ ಜೊತೆ ಬಂದ ವೇಜ್ ಡಿಟರ್ಮಿನೇಷನ್‌ನಲ್ಲಿ (ಕನಿಷ್ಠ ಕೂಲಿ, ಫ್ರಿಂಜ್ ಎಷ್ಟು ಅಂತ ಸರ್ಕಾರ ನಿಗದಿ ಮಾಡಿದ ಕಾಗದ) ಹೆಲ್ತ್ ಅಂಡ್ ವೆಲ್ಫೇರ್ ರೇಟು, ಅಂದರೆ ಈ ಫ್ರಿಂಜ್ ಹಣ, ಗಂಟೆಗೆ 5.36 ಡಾಲರ್ ಅಂತಿದೆ ಅಂದುಕೊಳ್ಳಿ (2024ರ ಜುಲೈನಲ್ಲಿ ಬಂದ ರೇಟು ಇದು, ನಿಮ್ಮ ಕಾಗದದಲ್ಲಿ ಇರುವುದೇ ನಿಮಗೆ ಲೆಕ್ಕ). ವಾರಕ್ಕೆ 40 ಗಂಟೆಗೆ 214.40 ಆಯಿತು. ಒಬ್ಬರ ಇನ್ಶೂರೆನ್ಸ್‌ಗೆ ಕಂಪನಿ ವಾರಕ್ಕೆ 128 ಕಟ್ಟಿದರೆ ಉಳಿದ 86.40 ಅವರ ಕೈಗೆ ಹೋಗಬೇಕು. ಇನ್ಶೂರೆನ್ಸ್ ಬೇಡ ಅಂದವರಿಗೂ ಪೂರ್ತಿ ಹಣ ಬೇರೆ ದಾರಿಯಲ್ಲಿ ಸೇರಲೇಬೇಕು. ರಜೆ, ಹಬ್ಬದ ದಿನದ ಗಂಟೆಗಳಿಗೂ ಸಾಮಾನ್ಯವಾಗಿ ಇದು ಸಿಗುತ್ತದೆ. 40 ದಾಟಿದ ಓವರ್‌ಟೈಮ್‌ಗೆ ಇಲ್ಲ.

ನಗದು ಕೊಟ್ಟರೆ ಅದರ ಮೇಲೆ ಕಂಪನಿ 7.65% ಪೇರೋಲ್ ತೆರಿಗೆ ತನ್ನ ಜೇಬಿನಿಂದ ಕಟ್ಟಬೇಕು. ಆ ತೆರಿಗೆಯನ್ನು ಫ್ರಿಂಜ್ ಹಣದಿಂದ ಮುರಿಯುವಂತಿಲ್ಲ. ಅದಕ್ಕೇ ನಾನು ಮಾಲೀಕರಿಗೆ ಇನ್ಶೂರೆನ್ಸ್, ಪಿಂಚಣಿ ಪ್ಲಾನ್ ಕಡೆ ನೋಡಿ ಅಂತ ಹೇಳುವುದು. ಕೆಲಸಗಾರರಿಗೂ ಅಲ್ಲಿ ಹಣ ಹೆಚ್ಚು ಉಳಿಯುತ್ತದೆ.

ನೀವು ಕೇಳದೆ ಬಿಟ್ಟದ್ದು ವೆಕೇಷನ್, ಅಂದರೆ ಸಂಬಳ ಸಹಿತ ವಾರ್ಷಿಕ ರಜೆ. ನನ್ನ ಪ್ರಕಾರ ಅದೇ ದೊಡ್ಡದು. ಕಂಪನಿ ಬದಲಾದರೂ ಪೊರಕೆ ಹಿಡಿದವರು ಸಾಮಾನ್ಯವಾಗಿ ಬದಲಾಗುವುದಿಲ್ಲ. ಹಿಂದಿನ ಕಾಂಟ್ರಾಕ್ಟರ್ ಕೈಕೆಳಗೆ ಅದೇ ಕಟ್ಟಡದಲ್ಲಿ ಮಾಡಿದ ವರ್ಷಗಳೂ ಸರ್ವೀಸಿಗೆ ಸೇರುತ್ತವೆ. ಒಬ್ಬಾಕೆ ಆರು ವರ್ಷದಿಂದ ಅಲ್ಲಿ ಗುಡಿಸುತ್ತಿದ್ದಾರೆ, ನಿಮ್ಮಲ್ಲಿಗೆ ಬಂದು ಎರಡೇ ತಿಂಗಳು ಅನ್ನಿ. ಆಕೆ ಕೆಲಸಕ್ಕೆ ಸೇರಿದ ತಾರೀಖು ಈ ತಿಂಗಳು ಬಂದರೆ ಇಡೀ ವರ್ಷದ ವೆಕೇಷನ್ ನೀವೇ ಕೊಡಬೇಕು. ಐದು ವರ್ಷ ದಾಟಿದವರಿಗೆ ಮೂರು ವಾರ ಅಂತ ನಿಮ್ಮ ಕಾಗದದಲ್ಲಿದ್ದರೆ ಮೂರೂ ವಾರ. ಇದನ್ನು ತಪ್ಪಿಸಿದರೆ ಹಿಂಬಾಕಿ ಕಟ್ಟಬೇಕಾಗುತ್ತದೆ. ಮೂರು ವರ್ಷ ಸರ್ಕಾರಿ ಕಾಂಟ್ರಾಕ್ಟ್ ಸಿಗದ ಹಾಗೆಯೂ ಆಗಬಹುದು. ಅದಕ್ಕಿಂತ ಮುಖ್ಯ, ಅದು ಆಕೆ ದುಡಿದು ಗಳಿಸಿದ ರಜೆ.

ಹಳೆಯ ಕಾಂಟ್ರಾಕ್ಟರ್ ಕೆಲಸ ಮುಗಿಯುವ 10 ದಿನ ಮೊದಲೇ ಎಲ್ಲರ ಹೆಸರು, ಸೇರಿದ ತಾರೀಖಿನ ಪಟ್ಟಿಯನ್ನು ಕಾಂಟ್ರಾಕ್ಟಿಂಗ್ ಆಫೀಸರ್‌ಗೆ (ಸರ್ಕಾರದ ಪರವಾಗಿ ಕಾಂಟ್ರಾಕ್ಟ್ ನೋಡಿಕೊಳ್ಳುವ ಅಧಿಕಾರಿ) ಕೊಡಬೇಕು ಅನ್ನುವುದು ನಿಯಮ. ಮೊದಲ ಸಂಬಳ ಹಾಕುವ ಮುಂಚೆ ಆ ಪಟ್ಟಿಯನ್ನು ಕೇಳಿ ತರಿಸಿಕೊಳ್ಳಿ. ಬರುವುದು ತಡವಾದರೆ ಕೆಲಸದವರನ್ನೇ ಕೇಳಿ. ಹಳೆಯ ಪೇ ಸ್ಲಿಪ್ ಇಟ್ಟುಕೊಂಡವರು ಸಿಗುತ್ತಾರೆ.