ಬ್ಯಾಡಗಿ ಮೆಣಸಿನಕಾಯಿಯ ಆ ಒಂದು ಸಾಲು

ಹಾವೇರಿ ಜಿಲ್ಲೆಯ ಓದುಗರೊಬ್ಬರು ಹೆಸರು ಪ್ರಕಟಿಸಬೇಡಿ ಎಂದು ಕೇಳಿಕೊಂಡು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಎರಡು ವರ್ಷವಾಯಿತು. ನೂರಕ್ಕೂ ಹೆಚ್ಚು ಕಡೆ ಅರ್ಜಿ ಹಾಕಿದ್ದೇನೆ. ಉತ್ತರ ಬಂದದ್ದು ಮೂರು ಕಡೆಯಿಂದ, ಮೂವರೂ ಅನುಭವ ಕೇಳಿದರು. ಈಗ ಒಂದು ಏಜೆನ್ಸಿಯವರು 60 ಸಾವಿರ ಕಟ್ಟಿದರೆ ಔಷಧ ಕಂಪನಿಯಲ್ಲಿ ಕೆಲಸ ಖಾತ್ರಿ, ಬೇಕಾದರೆ ಅನುಭವದ ಪ್ರಮಾಣಪತ್ರವನ್ನೂ ಮಾಡಿಕೊಡುತ್ತೇವೆ ಎನ್ನುತ್ತಿದ್ದಾರೆ. ಅಮ್ಮ ತಮ್ಮ ಸರ ಅಡವಿಡಲು ಒಪ್ಪಿದ್ದಾರೆ. ಗುರುಗಳು ಪಿಎಚ್.ಡಿ. ಮಾಡು ಎನ್ನುತ್ತಾರೆ, ಸೋದರಮಾವ ಬಿ.ಎಡ್. ಮಾಡು ಎನ್ನುತ್ತಾರೆ. ಈ ವಿಷಯ ಓದಿದ್ದೇ ತಪ್ಪಾಯಿತೇ?"

ಪ್ರಿಯ ಸಹೋದರಿ,

ಮೊದಲು ಸರದ ಮಾತು. ಅದನ್ನು ಅಡವಿಡಬೇಡಿ. ಕೆಲಸ ಕೊಡುವ ಕಂಪನಿ ಅಭ್ಯರ್ಥಿಯಿಂದ ಹಣ ಕೇಳುವುದಿಲ್ಲ. ನನ್ನ ಅಣ್ಣನ ಮಗ ಇಂಥದೇ ಮಾತು ನಂಬಿ 40 ಸಾವಿರ ಕಟ್ಟಿದ್ದ. ಆರು ತಿಂಗಳು 'ಮುಂದಿನ ವಾರ' ಎಂಬ ಮಾತು ಕೇಳಿದ, ಕೊನೆಗೆ ಆ ಕಚೇರಿಯ ಬಾಗಿಲಿಗೆ ಬೀಗ ಬಿದ್ದಿತ್ತು. ಹಣಕ್ಕಿಂತ ಹೆಚ್ಚಿನ ಅಪಾಯ ಆ ಸುಳ್ಳು ಪ್ರಮಾಣಪತ್ರದ್ದು. ಔಷಧ ತಯಾರಿಕೆಯಲ್ಲಿ ದಾಖಲೆಯೇ ಪ್ರಾಣ. ಸೂಕ್ಷ್ಮಜೀವಿ ಬೆಳೆಸುವ ಯಾವ ತಟ್ಟೆಯನ್ನು ಯಾರು, ಎಷ್ಟು ಗಂಟೆಗೆ ನೋಡಿದರು, ಅದರಲ್ಲಿ ಎಷ್ಟು ಕಾಲನಿಗಳನ್ನು (ಸೂಕ್ಷ್ಮಜೀವಿಗಳ ಗುಂಪುಗಳನ್ನು) ಎಣಿಸಿದರು ಎಂಬುದನ್ನು ಆ ಕ್ಷಣವೇ ಬರೆದು ಸಹಿ ಮಾಡಬೇಕು. ತಪ್ಪಿದರೆ ಒಂದು ಗೆರೆ ಎಳೆದು, ಕಾರಣ ಬರೆದು, ಮತ್ತೆ ಸಹಿ ಹಾಕಬೇಕು. ಅಂಥ ಕೆಲಸಕ್ಕೆ ಸುಳ್ಳು ಕಾಗದ ಹಿಡಿದು ಹೋದವರ ಗುಟ್ಟು ಹಿನ್ನೆಲೆ ಪರಿಶೀಲನೆಯಲ್ಲಿ ರಟ್ಟಾದರೆ, ಆ ವೃತ್ತಿಯಲ್ಲಿ ಮತ್ತೆ ತಲೆಯೆತ್ತುವುದು ಕಷ್ಟ.

ಇನ್ನು ನೀವು ಕಳಿಸಿದ ಬಯೋಡೇಟಾ. ಅದನ್ನು ಮೂರು ಸಲ ಓದಿದೆ. ಮೊದಲ ಪುಟದ ತುಂಬ ಅಂಕಗಳು, ಭಾಷಣ ಸ್ಪರ್ಧೆಯ ಬಹುಮಾನ, 'ಕಷ್ಟಪಟ್ಟು ದುಡಿಯುವ ಸ್ವಭಾವ' ಎಂಬ ಮಾತು. ಎರಡನೆಯ ಪುಟದ ಕೆಳಗೆ ಒಂದೇ ಸಾಲು: 'ಪ್ರಾಜೆಕ್ಟ್: ಒಣ ಮೆಣಸಿನಕಾಯಿಯಲ್ಲಿ ಶಿಲೀಂಧ್ರಗಳು'. ಆದರೆ ಪತ್ರದಲ್ಲಿ ನೀವೇ ಬರೆದಿದ್ದೀರಿ: ಬ್ಯಾಡಗಿ ಮಾರುಕಟ್ಟೆಯಿಂದ 24 ಮಾದರಿ ತಂದಿರಿ, ತೆಳುಗೊಳಿಸಿ ತಟ್ಟೆಗಳಲ್ಲಿ ಬೆಳೆಸಿದಿರಿ, ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರವನ್ನು ಗುರುತಿಸಿದಿರಿ, ರಾಸಾಯನಿಕಗಳನ್ನು ಬೇರ್ಪಡಿಸುವ ಟಿಎಲ್‌ಸಿ ಹಾಳೆಯನ್ನು ಯುವಿ ಬೆಳಕಿನಡಿ ಹಿಡಿದು ಆ ಶಿಲೀಂಧ್ರದ ವಿಷವಾದ ಅಫ್ಲಾಟಾಕ್ಸಿನ್‌ನ ನೀಲಿ ಹೊಳಪು ಕಂಡಿರಿ. ಆ ಹೊಳಪು ಕಂಡ ರಾತ್ರಿ ನಿದ್ದೆ ಬರಲಿಲ್ಲ ಎಂದೂ ಬರೆದಿದ್ದೀರಿ. ಇಷ್ಟನ್ನು ನನಗೆ ಹೇಳಿದವರು ಕೆಲಸ ಕೊಡುವವರಿಗೆ ಏಕೆ ಹೇಳಲಿಲ್ಲ?

ಐರೋಪ್ಯ ಒಕ್ಕೂಟಕ್ಕೆ ಹೋಗುವ ಮೆಣಸಿನಕಾಯಿಯಲ್ಲಿ ಒಟ್ಟು ಅಫ್ಲಾಟಾಕ್ಸಿನ್ ಕಿಲೋಗೆ 10 ಮೈಕ್ರೋಗ್ರಾಂ ಮೀರುವಂತಿಲ್ಲ. ಮೀರಿದರೆ ಸರಕು ಬಂದರಿನಲ್ಲೇ ನಿಲ್ಲುತ್ತದೆ. ಅದಕ್ಕಾಗಿಯೇ ರಫ್ತುದಾರರು, ಮಸಾಲೆ ಕಂಪನಿಗಳು, ಮೆಣಸಿನಕಾಯಿಯಿಂದ ಓಲಿಯೋರೆಸಿನ್ (ಬಣ್ಣ, ಖಾರದ ಸಾರ) ತೆಗೆಯುವ ಕಾರ್ಖಾನೆಗಳು ಪರೀಕ್ಷೆಗೆ ಹಣ ಸುರಿಯುತ್ತವೆ. ನಿಮ್ಮ ಊರಿನ ಬೆಳೆ, ನಿಮ್ಮ ಊರಿನ ಸಮಸ್ಯೆ, ಅದನ್ನು ಕೈಯಾರೆ ಪರೀಕ್ಷಿಸಿದ ಹುಡುಗಿ ನೀವು. 'ಮೈಕ್ರೋಬಯಾಲಜಿ ಕೆಲಸ' ಎಂದು ಹುಡುಕಿದರೆ ಸಾವಿರಾರು ಜನರ ಸಾಲಿನ ಕೊನೆಯಲ್ಲಿ ನಿಲ್ಲುತ್ತೀರಿ. 'ಆಹಾರ ಪರೀಕ್ಷೆ', 'ಮೈಕೋಟಾಕ್ಸಿನ್' (ಶಿಲೀಂಧ್ರದ ವಿಷ), 'ವಿಶ್ಲೇಷಕರು' ಎಂದು ಹುಡುಕಿ. ಸಾಲು ಅಷ್ಟು ಉದ್ದವಿರುವುದಿಲ್ಲ.

ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಎನ್‌ಎಬಿಎಲ್. ಅದರ ಮಾನ್ಯತೆ ಪಡೆದ ಪ್ರಯೋಗಾಲಯಗಳ ಪಟ್ಟಿ ಅದರ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿದೆ. ಯಾವ ಪ್ರಯೋಗಾಲಯ ಯಾವ ಪರೀಕ್ಷೆ ಮಾಡುತ್ತದೆ ಎಂಬ ವಿವರವೂ ಅಲ್ಲೇ ಸಿಗುತ್ತದೆ. ಅಫ್ಲಾಟಾಕ್ಸಿನ್ ಪರೀಕ್ಷಿಸುವ ಇಪ್ಪತ್ತು ಪ್ರಯೋಗಾಲಯಗಳನ್ನು ಆರಿಸಿ, ಒಬ್ಬೊಬ್ಬ ಮುಖ್ಯಸ್ಥರಿಗೂ ಬೇರೆ ಬೇರೆ ಪತ್ರ ಬರೆಯಿರಿ. ಆ ಪ್ರಯೋಗಾಲಯಗಳು ಪಾಲಿಸುವ ಐಎಸ್‌ಒ 17025 ಮಾನದಂಡದ ಬಗ್ಗೆ ನಾಲ್ಕು ದಿನ ಓದಿಕೊಂಡೇ ಬರೆಯಿರಿ. ಸ್ಪೈಸಸ್ ಬೋರ್ಡ್‌ನ ಪರೀಕ್ಷಾ ಪ್ರಯೋಗಾಲಯಗಳು ತರಬೇತಿ ವಿಶ್ಲೇಷಕರನ್ನು ನೇರ ಸಂದರ್ಶನಕ್ಕೆ ಕರೆಯುವುದುಂಟು, ಆ ಪ್ರಕಟಣೆಗಳ ಮೇಲೆ ಕಣ್ಣಿಡಿ. ಪಕ್ಕದ ರಾಣೆಬೆನ್ನೂರಿನ ಬೀಜ ಕಂಪನಿಗಳನ್ನೂ ಮರೆಯಬೇಡಿ. ಬೀಜದ ಆರೋಗ್ಯ ಪರೀಕ್ಷೆಯಲ್ಲಿ ಶಿಲೀಂಧ್ರ ಬಲ್ಲವರಿಗೆ ಕೆಲಸವಿದೆ.

ಮಾದರಿಯಲ್ಲಿನ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರವನ್ನು ಗಾಜಿನ ಆಚೆಯಿಂದಷ್ಟೇ ನೋಡಿದ್ದೇನೆ ಎಂದು ನಾಚಿಕೆಯಿಂದ ಬರೆದಿದ್ದೀರಿ. ನಾಚಿಕೆ ಪಡಬೇಕಾದವರು ನೀವಲ್ಲ. 2001ರಲ್ಲಿ ರಾಜ್ಯ ಸರ್ಕಾರ ಜೈವಿಕ ತಂತ್ರಜ್ಞಾನ ನೀತಿ ತಂದಿತು. ಹೊಸ ಶತಮಾನವೇ ಜೀವವಿಜ್ಞಾನದ್ದು ಎಂದು ಎಲ್ಲೆಡೆ ಮಾತು ಹಬ್ಬಿದ ಕಾಲ ಅದು. ಕೋರ್ಸ್ ತೆರೆದ ಎಷ್ಟೋ ಕಾಲೇಜುಗಳು ಶುಲ್ಕ ಪಡೆದವು, ಯಂತ್ರ ಕೊಳ್ಳಲಿಲ್ಲ. ಕೊಂಡವು ಬೀಗ ಹಾಕಿ ಇಟ್ಟವು. ರೈತರ ಮಕ್ಕಳು ಕಟ್ಟಿದ ಹಣಕ್ಕೆ ಇದು ದ್ರೋಹ, ಇದನ್ನು ಇನ್ನೂ ಮೆತ್ತಗೆ ಹೇಳಲು ನನಗೆ ಬರುವುದಿಲ್ಲ. ಆದರೆ ಯಂತ್ರ ನಡೆಸುವುದನ್ನು ಕೆಲವೇ ವಾರಗಳಲ್ಲಿ ಕಲಿಯಬಹುದು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಆಹಾರ ತಂತ್ರಜ್ಞಾನದಲ್ಲಿ ಅಲ್ಪಾವಧಿ ಕೋರ್ಸ್‌ಗಳನ್ನು ನಡೆಸುತ್ತದೆ, ವಿಚಾರಿಸಿ. ಹಣ ಖರ್ಚು ಮಾಡಲೇಬೇಕೆಂದಿದ್ದರೆ ಅಂಥದಕ್ಕೆ ಮಾಡಿ.

ಔಷಧ ಕಂಪನಿಯ ಆಸೆ ಬಿಡಬೇಕಿಲ್ಲ. ಬೊಮ್ಮಸಂದ್ರ, ಜಿಗಣಿ, ನಂಜನಗೂಡು, ಬೀದರ್, ಎಲ್ಲೆಡೆ ಗುಣಮಟ್ಟ ನಿಯಂತ್ರಣ ವಿಭಾಗಕ್ಕೆ ಸೂಕ್ಷ್ಮಜೀವಿಶಾಸ್ತ್ರ ಓದಿದವರು ಬೇಕು. ಕೆಲಸದ ರೂಪ ಮಾತ್ರ ಮೊದಲೇ ತಿಳಿದಿರಲಿ: ಕಣ್ಣು ಬಿಟ್ಟು ಮೈಯೆಲ್ಲ ಮುಚ್ಚುವ ಉಡುಪು ತೊಟ್ಟು ಶುದ್ಧ ಕೊಠಡಿಯಲ್ಲಿ ಗಾಳಿಯ, ನೆಲದ, ನೀರಿನ ಮಾದರಿ ತೆಗೆಯುವುದು, ಪಾಳಿಯಲ್ಲಿ ದುಡಿಯುವುದು. ಆರಂಭದ ಸಂಬಳ ನಿಮ್ಮ ಓದಿಗೆ ತಕ್ಕಂತೆ ಕಾಣುವುದಿಲ್ಲ. ಎರಡು ವರ್ಷ ತಾಳಿದವರಿಗೆ ಮುಂದಿನ ಬಾಗಿಲು ತೆರೆಯುತ್ತದೆ, ಏಕೆಂದರೆ ನಿಮ್ಮನ್ನು ಮೂರು ಕಡೆ ಕೇಳಿದ ಆ 'ಅನುಭವ' ಆಗ ಕೈಯಲ್ಲಿರುತ್ತದೆ. ಪಾಳಿ ಒಗ್ಗದಿದ್ದರೆ ಔಷಧಗಳ ಅಡ್ಡಪರಿಣಾಮಗಳನ್ನು ದಾಖಲಿಸುವ ಫಾರ್ಮಕೋವಿಜಿಲೆನ್ಸ್ ಇದೆ. ಹೊಸ ಶೋಧಗಳ ಹಕ್ಕಿನ ಅರ್ಜಿ ನೋಡಿಕೊಳ್ಳುವ ಪೇಟೆಂಟ್ ಏಜೆಂಟ್ ಕೆಲಸವೂ ಇದೆ. ಆ ಪರೀಕ್ಷೆಗೆ ವಿಜ್ಞಾನದ ಪದವಿ ಸಾಕು, ಕಾನೂನು ಪದವಿ ಬೇಡ. ಇದು ನಮ್ಮ ಕಡೆಯ ಮಕ್ಕಳಿಗೆ ಗೊತ್ತೇ ಇರುವುದಿಲ್ಲ.

ಪಿಎಚ್.ಡಿ. ವಿಷಯದಲ್ಲಿ ಗುರುಗಳ ಪ್ರೀತಿಯನ್ನು ಗೌರವಿಸುತ್ತೇನೆ. ಆದರೆ ಕೆಲಸ ಸಿಗಲಿಲ್ಲವೆಂದು ಸೇರುವ ಜಾಗ ಅದಲ್ಲ. ಐದಾರು ವರ್ಷ ಒಂದೇ ಪ್ರಶ್ನೆಯ ಜೊತೆ ಬಾಳಬೇಕು. ಆ ನೀಲಿ ಹೊಳಪು ಕಂಡ ರಾತ್ರಿಯ ತಳಮಳ ಇಂದಿಗೂ ಇದ್ದರೆ ಸಂಶೋಧನೆಗೆ ದಾರಿಯಾಗುವ ಸಿಎಸ್‌ಐಆರ್ ನೆಟ್ ಪರೀಕ್ಷೆ ಬರೆಯಿರಿ. ಅದರಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕವರಿಗೆ 2023ರಿಂದ ತಿಂಗಳಿಗೆ 37 ಸಾವಿರ ಶಿಷ್ಯವೇತನವಿದೆ. ಜೀವವಿಜ್ಞಾನ ಪತ್ರಿಕೆಯ 200 ಅಂಕಗಳಲ್ಲಿ 100 ಅಂಕ ಸಿ ವಿಭಾಗದ್ದು. ಅಲ್ಲಿ ಪ್ರಯೋಗದ ಫಲಿತಾಂಶ ಕೊಟ್ಟು ಅರ್ಥ ಕೇಳುತ್ತಾರೆ, ಬಾಯಿಪಾಠ ನಡೆಯುವುದಿಲ್ಲ. 30 ಅಂಕದ ಎ ವಿಭಾಗ ಸಾಮಾನ್ಯ ತರ್ಕ, ಲೆಕ್ಕದ್ದು. ನಮ್ಮವರು ಹೆಚ್ಚಾಗಿ ಅದನ್ನೇ ಕಡೆಗಣಿಸುತ್ತಾರೆ. ಕೆಲಸ ಮಾಡುತ್ತಲೇ ತಯಾರಿ ನಡೆಸಬಹುದು. ಬಿ.ಎಡ್. ಬಗ್ಗೆ ಒಂದೇ ಮಾತು: ಪಾಠ ಹೇಳುವುದು ಇಷ್ಟವಿದ್ದರೆ ಮಾಡಿ, ಮಾವನ ಸಮಾಧಾನಕ್ಕೆ ಮಾಡಬೇಡಿ.

ಓದಿದ್ದು ತಪ್ಪೇ ಎಂದು ಕೇಳಿದಿರಿ. 1970ರ ದಶಕದಲ್ಲಿ ಕಿರಣ್ ಮಜುಂದಾರ್ ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆ ಕಲಿತು ಬಂದರು. ಹೆಣ್ಣೆಂಬ ಕಾರಣಕ್ಕೆ ಇಲ್ಲಿನ ಬ್ರೂವರಿಗಳು (ಬಿಯರ್ ಕಾರ್ಖಾನೆಗಳು) ಅವರಿಗೆ ಬಿಯರ್ ತಯಾರಿಕೆಯ ಹುದ್ದೆ ಕೊಡಲಿಲ್ಲ. ಕಿಣ್ವಗಳ ಜ್ಞಾನ ಕೈಯಲ್ಲಿತ್ತು. 1978ರಲ್ಲಿ ಬೆಂಗಳೂರಿನಲ್ಲಿ ಅವರ ಬಯೋಕಾನ್ ಕಂಪನಿ ಆರಂಭವಾದಾಗ ತಯಾರಿಸಿದ್ದು ಪರಂಗಿ ಹಣ್ಣಿನ ಕಿಣ್ವವಾದ ಪಪೈನ್‌ನಂಥ ಸರಕು. ನೀವು ಕಂಪನಿ ಕಟ್ಟಿ ಎಂದು ಹೇಳುತ್ತಿಲ್ಲ. ಪದವಿಯ ಹೆಸರಿನ ಬಾಗಿಲು ಮುಚ್ಚಿದಾಗಲೂ ಅವರ ಕೈಯಲ್ಲಿದ್ದ ವಿದ್ಯೆಗೆ ಬೇರೆ ಬಾಗಿಲು ಸಿಕ್ಕಿತು, ಅದನ್ನು ನೆನಪಿಸಿದೆ ಅಷ್ಟೇ.

ಬಯೋಡೇಟಾವನ್ನು ಹೊಸದಾಗಿ ಬರೆಯಿರಿ. 24 ಮಾದರಿಗಳ ವಿವರ, ಬಳಸಿದ ವಿಧಾನ, ಎಷ್ಟರಲ್ಲಿ ವಿಷ ಕಂಡಿತು, ಇದೆಲ್ಲ ಮೊದಲ ಅರ್ಧ ಪುಟದಲ್ಲೇ ಬರಲಿ. ಭಾಷಣದ ಬಹುಮಾನ ಕೊನೆಗೆ ಹೋಗಲಿ. ಕಳಿಸುವ ಮೊದಲು ಒಂದು ಪ್ರತಿಯನ್ನು ನನ್ನ ಹೆಸರಿಗೆ ಕಚೇರಿಗೆ ಅಂಚೆಯಲ್ಲಿ ಹಾಕಿ. ಕೆಂಪು ಶಾಯಿಯಲ್ಲಿ ತಿದ್ದಿ, ವಾರದೊಳಗೆ ಹಿಂದಿರುಗಿಸುತ್ತೇನೆ.

— ಸಂಪಾದಕ